ಮನಸ್ಸಿನ ಬರಗಾಲಕ್ಕೆ ಅಂಗಿಗುಂಡಿ, ಬಣ್ಣದ ಹಾಳೆ

ಬರೆಯುವವರು, ಚಿತ್ರ ಬಿಡಿಸುವವರು, ಹಾಡಿಗೆ ರಾಗ ಕಟ್ಟುವವರು, ತರಗತಿಗೆ ದಿನವೂ ಹೊಸ ಉಪಾಯ ಹುಡುಕುವ ಶಿಕ್ಷಕರು, ಹೀಗೆ ಕಲ್ಪನೆಯನ್ನೇ ನೆಚ್ಚಿ ದುಡಿಯುವ ಎಲ್ಲರ ಬದುಕಿನಲ್ಲೂ ಏನೂ ಹೊಳೆಯದ, ಹೊಳೆದದ್ದು ರುಚಿಸದ, ಕೈಗೆತ್ತಿಕೊಂಡದ್ದು ಅರ್ಧಕ್ಕೇ ನಿಲ್ಲುವ ಅವಧಿಯೊಂದು ಬರುತ್ತದೆ. ಸೃಜನಶೀಲತೆಯ ಜಡತೆ ಎಂದು ಕರೆಯಬಹುದಾದ ಈ ಸ್ಥಿತಿಯನ್ನು ಸೋಮಾರಿತನವೆಂದು ತಿಳಿಯುವುದು ತಪ್ಪು. ಸೋಮಾರಿಗೆ ಕೆಲಸದ ಬಯಕೆಯೇ ಇರುವುದಿಲ್ಲ, ಜಡತೆಗೆ ಸಿಕ್ಕವರಲ್ಲಾದರೋ ಬಯಕೆ ತೀವ್ರವಾಗಿದ್ದೂ ಕೈ ಏಳುವುದಿಲ್ಲ. ಬರಹಗಾರರನ್ನು ಕಾಡುವ ಇಂಥ ತಡೆಗೆ ಮನೋವಿಶ್ಲೇಷಕ ಎಡ್ಮಂಡ್ ಬರ್ಗ್ಲರ್ 1947ರಲ್ಲಿ ‘ರೈಟರ್ಸ್ ಬ್ಲಾಕ್’ ಎಂಬ ಹೆಸರಿಟ್ಟರು.

ಇದು ದೊಡ್ಡವರಿಗಷ್ಟೇ ಬರುವ ಸಂಕಟವಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಇ. ಪಾಲ್ ಟಾರೆನ್ಸ್ ಅವರು ಮಕ್ಕಳ ಸೃಜನಶೀಲ ಚಿಂತನೆಯನ್ನು ವರ್ಷದಿಂದ ವರ್ಷಕ್ಕೆ ಅಳೆಯುತ್ತ ಹೋಗಿ, ಹಲವರಲ್ಲಿ ನಾಲ್ಕನೆಯ ತರಗತಿಯ ಹೊತ್ತಿಗೆ, ಅಂದರೆ ಒಂಬತ್ತು ಹತ್ತರ ವಯಸ್ಸಿನಲ್ಲಿ, ಅದು ಕುಸಿಯುವುದನ್ನು 1968ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೋರಿಸಿದರು. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಹಾಡು, ಆಟ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ ಮೂರನೆಯ ತರಗತಿಗೆ ಮುಗಿದು, ನಾಲ್ಕರಿಂದ ಪಠ್ಯಪುಸ್ತಕದ ಕಲಿಕೆ ಬಿಗಿಯಾಗುವುದನ್ನು ನೆನೆದರೆ, ಈ ವಯಸ್ಸಿನ ಮಕ್ಕಳ ಕೈಗೆ ಕತ್ತರಿ, ಕಾಗದ, ಸೂಜಿ, ದಾರಗಳು ಸಿಗುತ್ತಿರಬೇಕಾದ ಅಗತ್ಯ ಇನ್ನಷ್ಟು ಸ್ಪಷ್ಟವಾಗುತ್ತದೆ.

ಬೇಸಿಗೆಯ ಕೆಲಸಗಳು

ಈ ಜಡತೆಯನ್ನು ಅರ್ಥಮಾಡಿಕೊಳ್ಳಲು ಬರಗಾಲವೆಂಬ ಹೋಲಿಕೆ ನೆರವಾಗುತ್ತದೆ, ಅದಕ್ಕೆ ದಾವಣಗೆರೆ ಜಿಲ್ಲೆಯ ಜಗಳೂರಿಗಿಂತ ಒಳ್ಳೆಯ ನೆಲೆ ಬೇರೆ ಬೇಕಿಲ್ಲ. ಇದೇ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ ಭಾಗಗಳಿಗೆ ನಾಲೆಯ ನೀರು, ಅಡಿಕೆಯ ನೆರಳು ಒದಗಿದ್ದರೆ, 1997ರವರೆಗೆ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಜಗಳೂರು ಬಹುಮಟ್ಟಿಗೆ ಮಳೆಯನ್ನೇ ನಂಬಿ ಜೋಳ, ಶೇಂಗಾ, ಮೆಕ್ಕೆಜೋಳ ಬೆಳೆಯುವ ಬಯಲು ಸೀಮೆ. ಇಂಥ ಸೀಮೆಯ ರೈತರು ಮಳೆಯಿಲ್ಲದ ತಿಂಗಳುಗಳಲ್ಲಿ ಆಕಾಶ ನೋಡುತ್ತ ಕೂರುವವರಲ್ಲ. ಕೆರೆಯ ಹೂಳೆತ್ತಿ ಗೋಡು ಮಣ್ಣನ್ನು ಹೊಲಕ್ಕೆ ಹೊಡೆಯುವುದು, ಸಡಿಲಗೊಂಡ ಕುಂಟೆ ಕೂರಿಗೆಗಳನ್ನು ಸರಿಪಡಿಸುವುದು, ಹಗ್ಗ ಹೊಸೆಯುವುದು, ಮನೆಯ ಹಳೆಯ ಸೀರೆ ಪಂಚೆಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುವುದು, ಇವೆಲ್ಲ ಬೇಸಿಗೆಯ ಕೆಲಸಗಳು. ಇವುಗಳಲ್ಲಿ ಯಾವುದೂ ಮಳೆ ತರಿಸುವುದಿಲ್ಲ, ಆದರೆ ಮಳೆ ಬಂದಾಗ ಹಿಡಿದುಕೊಳ್ಳಲು ಕೆರೆಯನ್ನೂ ಬಿತ್ತಲು ಕೂರಿಗೆಯನ್ನೂ ಇವು ಸಿದ್ಧವಾಗಿಡುತ್ತವೆ. ಕಲ್ಪನೆ ಬತ್ತಿದ ದಿನಗಳಲ್ಲಿ ಅಂಗಿಗುಂಡಿ, ಹಳೆಯ ಹಾಳೆಗಳಿಂದ ಮಾಡುವ ಚಿಕ್ಕಪುಟ್ಟ ಕೈಕೆಲಸವೂ ಇಂಥದೇ ಬೇಸಿಗೆಯ ದುಡಿಮೆ ಎಂಬುದು ಈ ಲೇಖನದ ಪ್ರತಿಪಾದನೆ.

ಕಾವಿನ ಹೊತ್ತು

ಇಂಗ್ಲೆಂಡಿನ ಚಿಂತಕ ಗ್ರಹಾಂ ವಾಲಸ್ 1926ರಲ್ಲಿ ಹೊರತಂದ ಚಿಂತನೆಯ ಕಲೆಯನ್ನು ಕುರಿತ ಗ್ರಂಥದಲ್ಲಿ ಹೊಸತೊಂದು ಹುಟ್ಟುವ ಬಗೆಯನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದರು: ಸಾಮಗ್ರಿ ಕೂಡಿಸುವ ಪೂರ್ವಸಿದ್ಧತೆ, ವಿಷಯವನ್ನು ಬದಿಗಿಟ್ಟಾಗಲೂ ಅದು ಒಳಗೊಳಗೇ ಪಕ್ವವಾಗುವ ಕಾವು, ಫಕ್ಕನೆ ತೋರುವ ಹೊಳಹು, ಕೊನೆಗೆ ಆ ಹೊಳಹನ್ನು ಒರೆಗೆ ಹಚ್ಚುವ ಪರೀಕ್ಷೆ. ಎರಡನೆಯದು ಕೋಳಿ ಮೊಟ್ಟೆಗೆ ಕೊಡುವ ಕಾವಿನಂಥದು. ಮೇಲುನೋಟಕ್ಕೆ ಏನೂ ನಡೆಯುತ್ತಿಲ್ಲವೆನಿಸಿದರೂ ಒಳಗೆ ನಡೆಯುತ್ತಿರುತ್ತದೆ. ಜಡತೆಯೆಂದು ಹಳಹಳಿಸುವ ಎಷ್ಟೋ ದಿನಗಳು ನಿಜಕ್ಕೂ ಕಾವಿನ ದಿನಗಳೇ ಆಗಿರಬಹುದು.

ಕಾವಿನ ಹೊತ್ತಿನಲ್ಲಿ ಏನು ಮಾಡಬೇಕೆಂಬ ಪ್ರಶ್ನೆಗೆ ಮನಶ್ಶಾಸ್ತ್ರಜ್ಞರು ಉತ್ತರ ಹುಡುಕಿದ್ದಾರೆ. ಬೆಂಜಮಿನ್ ಬೇರ್ಡ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಸಮಸ್ಯೆಯ ನಡುವೆ ಬಿಡುವು ಕೊಟ್ಟು, ಆ ಬಿಡುವಿನಲ್ಲಿ ಮನಸ್ಸನ್ನು ಹೆಚ್ಚು ದಣಿಸದ ಹಗುರ ಕೆಲಸ ಮಾಡಿದವರು, ಕಠಿಣ ಕೆಲಸ ಮಾಡಿದವರಿಗಿಂತಲೂ ಸುಮ್ಮನೆ ಕೂತವರಿಗಿಂತಲೂ ಮುಂದೆ ಅದೇ ಸಮಸ್ಯೆಗೆ ಹೆಚ್ಚು ಹೊಸ ಉತ್ತರಗಳನ್ನು ಕೊಟ್ಟರು. ನಂತರದ ಕೆಲವು ಪ್ರಯೋಗಗಳಲ್ಲಿ ಇದೇ ಫಲ ಕಾಣದ್ದರಿಂದ ಇದನ್ನು ಅಂತಿಮ ಸತ್ಯವೆನ್ನದೆ ಒಂದು ಸೂಚನೆಯೆಂದು ಎಣಿಸುವುದು ಸರಿ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಗಿರಿಜಾ ಕೈಮಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 39 ಮಂದಿ ವಯಸ್ಕರು 45 ನಿಮಿಷ ಜೇಡಿಮಣ್ಣು, ಬಣ್ಣದ ಪೆನ್ನು, ಕಾಗದದ ತುಣುಕುಗಳೊಂದಿಗೆ ಮನಬಂದದ್ದನ್ನು ಮಾಡಿದಾಗ, ಸುಮಾರು ಮುಕ್ಕಾಲು ಪಾಲು ಜನರಲ್ಲಿ ಕಾರ್ಟಿಸೋಲ್, ಅಂದರೆ ಒತ್ತಡದ ಹೊತ್ತಿನಲ್ಲಿ ಏರುವ ದೇಹದ್ರವ್ಯದ ಪ್ರಮಾಣ, ಇಳಿದಿತ್ತು. ಹಿಂದೆ ಕಲೆಯ ಅನುಭವ ಇದ್ದವರಿಗೂ ಇಲ್ಲದವರಿಗೂ ಈ ಇಳಿಕೆಯಲ್ಲಿ ವ್ಯತ್ಯಾಸ ತೋರಲಿಲ್ಲವೆಂಬುದು ಸಾಮಾನ್ಯ ಓದುಗರಿಗೆ ಮುಖ್ಯವಾದ ಸಂಗತಿ.

ಹೊಳಹಿಗೆ ಕಾಯುವಾಗಲೂ ಕೈ ದುಡಿಯುತ್ತಿರಬೇಕೆಂಬ ಮಾತನ್ನು ಭಾರತೀಯ ಕಾವ್ಯಮೀಮಾಂಸೆ ಬೇರೊಂದು ದಾರಿಯಿಂದ ತಲುಪಿದೆ. ಕಾವ್ಯಪ್ರಕಾಶವನ್ನು ಬರೆದ ಮಮ್ಮಟ ಕಾವ್ಯದ ಹುಟ್ಟಿಗೆ ಮೂರು ಒಟ್ಟಾಗಿ ಕಾರಣವೆನ್ನುತ್ತಾನೆ: ಪ್ರತಿಭೆ ಎಂದು ಬಳಕೆಯಲ್ಲಿರುವ ಶಕ್ತಿ, ಲೋಕವನ್ನೂ ಶಾಸ್ತ್ರವನ್ನೂ ನೋಡಿ ಗಳಿಸುವ ನಿಪುಣತೆ, ಬಲ್ಲವರ ಶಿಕ್ಷಣದಲ್ಲಿ ನಡೆಯುವ ಅಭ್ಯಾಸ. ಮೊದಲನೆಯದು ಕರೆದಾಗ ಬರುವಂಥದಲ್ಲ, ಎರಡನೆಯದಕ್ಕೆ ದೀರ್ಘಕಾಲ ಬೇಕು. ಯಾವ ದಿನವಾದರೂ ಮನುಷ್ಯನ ಕೈಯಲ್ಲಿರುವುದು ಮೂರನೆಯದೊಂದೇ. ಜಡತೆಯ ಕಾಲದಲ್ಲಿ ಅಭ್ಯಾಸವನ್ನು ದೊಡ್ಡ ಕೃತಿಯಿಂದ ಬಿಡಿಸಿ ಚಿಕ್ಕ ವಸ್ತುವಿಗೆ ಕಟ್ಟಿದರೆ, ಸೋಲಿನ ಭಯ ಕಡಿಮೆಯಾಗಿ ಕೈ ಮತ್ತೆ ಹುರುಪುಗೊಳ್ಳುತ್ತದೆ.

ಗುಂಡಿಯ ಹಿನ್ನೆಲೆ

ಗುಂಡಿ ಎಂಬ ಪದಕ್ಕೆ ಕನ್ನಡದಲ್ಲಿ ನೆಲದ ಹಳ್ಳವೆಂಬ ಅರ್ಥವೂ ಇರುವುದರಿಂದ ಇಲ್ಲಿ ಅಂಗಿಗುಂಡಿ ಎನ್ನುವುದು ಲೇಸು. ಅದು ಸೇರುವ ತೂತಿಗೆ ದರ್ಜಿಗಳು ಕಾಜಾ ಎನ್ನುತ್ತಾರೆ. ಸಿಂಧೂ ಕಣಿವೆಯ ಮೊಹೆಂಜೊದಾರೊದಲ್ಲಿ ಸಿಕ್ಕ ಚಿಪ್ಪಿನ ಗುಂಡಿಗಳು 4,000 ವರ್ಷಗಳಿಗೂ ಹೆಚ್ಚು ಹಳೆಯವು, ಮತ್ತು ಅವು ಬಟ್ಟೆಯನ್ನು ಬಿಗಿಯುವುದಕ್ಕಿಂತ ಹೆಚ್ಚಾಗಿ ಅಲಂಕಾರಕ್ಕೆ ಬಳಕೆಯಾದವೆಂದು ತಿಳಿಯಲಾಗಿದೆ; ಕಾಜಾದೊಳಗೆ ತೂರಿಸಿ ಬಿಗಿಯುವ ಗುಂಡಿ ಯೂರೋಪಿನಲ್ಲಿ ರೂಢಿಗೆ ಬಂದದ್ದು ಹದಿಮೂರನೆಯ ಶತಮಾನದಲ್ಲಿ. ಅಂದರೆ ಗುಂಡಿಯನ್ನು ಚೆಲುವಿನ ವಸ್ತುವಾಗಿ ಬಳಸುವುದು ಅದರ ಮೊದಲ ಉಪಯೋಗಕ್ಕೇ ಮರಳಿದಂತೆ. ಲಂಡನ್ನಿನ ರಸ್ತೆ ಗುಡಿಸುವ ಕೆಲಸದಲ್ಲಿದ್ದ, ಅನಾಥಾಲಯದಲ್ಲಿ ಬೆಳೆದ ಹೆನ್ರಿ ಕ್ರಾಫ್ಟ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತನ್ನ ಉಡುಪಿನ ತುಂಬ ಮುತ್ತಿನ ಹೊಳಪಿನ ಚಿಪ್ಪುಗುಂಡಿ ಹೊಲಿದುಕೊಂಡು ಬಡವರಿಗಾಗಿ ಹಣ ಕೂಡಿಸಿದ್ದು, ಅದರಿಂದ ಅಲ್ಲಿ ಒಂದು ಪರಂಪರೆಯೇ ಬೆಳೆದದ್ದು ಈ ಬಳಕೆಯ ಪ್ರಸಿದ್ಧ ಉದಾಹರಣೆ.

ಕನ್ನಡ ನಾಡಿನಲ್ಲಿ ಇದಕ್ಕೆ ಹತ್ತಿರವಾದದ್ದು ಲಂಬಾಣಿ ಹೆಣ್ಣುಮಕ್ಕಳ ಕಸೂತಿ. ಜಗಳೂರು ತಾಲ್ಲೂಕಿನಲ್ಲೂ ಲಂಬಾಣಿ ತಾಂಡಾಗಳಿವೆ. ಇದೇ ಜಿಲ್ಲೆಯ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಆ ಸಮುದಾಯದ ಆರಾಧ್ಯ ಸಂತ ಸೇವಾಲಾಲರ ಜನ್ಮಸ್ಥಳವೆಂದು ಪೂಜ್ಯವಾಗಿದೆ. ಕಾಂಚಳಿ ಎಂಬ ಕುಪ್ಪಸ, ಫೇಟಿಯಾ ಎಂಬ ಲಂಗಗಳ ಮೇಲೆ ಬಣ್ಣದ ಬಟ್ಟೆಯ ತೇಪೆ, ಕನ್ನಡಿ ಚೂರು, ಕವಡೆ, ನಾಣ್ಯ, ಮಣಿ, ಕೆಲವೊಮ್ಮೆ ಬಿಳಿಯ ಅಂಗಿಗುಂಡಿಗಳನ್ನೂ ಸೇರಿಸಿ ಹೊಲಿಯುವ ಈ ಕಲೆಯ ಸಂಡೂರು ಬಗೆಗೆ 2010ರಲ್ಲಿ ಭೌಗೋಳಿಕ ಗುರುತು, ಅಂದರೆ ಒಂದು ಊರಿನ ವಿಶಿಷ್ಟ ಉತ್ಪನ್ನಕ್ಕೆ ಕಾನೂನು ಕೊಡುವ ಮಾನ್ಯತೆ, ದೊರಕಿತು. ಕೈಗೆ ಸಿಕ್ಕ ಚೂರುಪಾರನ್ನು ವಿನ್ಯಾಸಕ್ಕೆ ಒಗ್ಗಿಸುವುದು ಈ ಕಸೂತಿಯ ಜೀವಾಳ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರನಿದ್ದುದನ್ನು, ಅವನ ಹೆಸರಿನೊಳಗೇ ಹೊಲಿಗೆ ಸೇರಿಕೊಂಡಿದ್ದುದನ್ನು ನೆನೆದರೆ, ಸೂಜಿದಾರದ ಕೆಲಸ ಮತ್ತು ನುಡಿಯ ಕೆಲಸ ಇಲ್ಲಿ ಎಂದೂ ದೂರದ ನೆಂಟರಾಗಿರಲಿಲ್ಲ ಎಂಬುದು ತಿಳಿಯುತ್ತದೆ.

ಗುಂಡಿಯ ಕೆಲಸಕ್ಕೆ ಬೇಕಾದ ಸಾಮಗ್ರಿ ಮನೆಯಲ್ಲೇ ಇರುತ್ತದೆ: ಹರಿದ ಅಂಗಿಗಳಿಂದ ಕತ್ತರಿಸಿಕೊಂಡ ಗುಂಡಿಗಳು, ದರ್ಜಿ ಅಂಗಡಿಯಲ್ಲಿ ಜೊತೆ ತಪ್ಪಿ ಉಳಿದವು, ಒಂದು ಡಬ್ಬಿ. ವ್ಯಾಪಾರದಲ್ಲಿ ಗುಂಡಿಯ ಅಳತೆಗೆ ಲೈನ್ ಎಂಬ ಮಾನವಿದೆ. 40 ಲೈನ್ ಸೇರಿದರೆ ಒಂದು ಇಂಚು, ಹಾಗಾಗಿ ಅಂಗಿಯ ಎದೆಪಟ್ಟಿಗೆ ಸಾಮಾನ್ಯವಾಗಿ ಬರುವ 18 ಲೈನಿನ ಗುಂಡಿ ಸುಮಾರು 11.4 ಮಿಲಿಮೀಟರ್ ಅಗಲವಿರುತ್ತದೆ. ಡಬ್ಬಿಯನ್ನು ಸುರಿದು ಬಣ್ಣ, ಅಳತೆ, ತೂತುಗಳ ಸಂಖ್ಯೆಯ ಪ್ರಕಾರ ಬೇರ್ಪಡಿಸುವುದೇ ಮೊದಲ ಕೆಲಸ. ವಿಂಗಡಿಸುತ್ತಿರುವ ಕಣ್ಣು ಹೋಲಿಕೆ ವ್ಯತ್ಯಾಸಗಳನ್ನು ಗುರುತಿಸತೊಡಗುತ್ತದೆ, ಮತ್ತು ಜಡತೆಯಲ್ಲಿ ಮೊದಲು ಮಂಕಾಗುವುದು ಈ ಗುರುತಿಸುವ ಗುಣವೇ.

ವಿಂಗಡಣೆಯ ನಂತರ ಹಳೆಯ ಲಗ್ನಪತ್ರಿಕೆಯ ದಪ್ಪ ಹಾಳೆಯೊಂದರ ಹಿಂಬದಿಯಲ್ಲಿ ಹುಣಸೆ ಅಥವಾ ಬೇವಿನ ಮರದ ಬೊಡ್ಡೆ ಮತ್ತು ಕೊಂಬೆಗಳನ್ನು ಪೆನ್ಸಿಲಿನಿಂದ ಗೀಚಿ, ಎಲೆಗಳ ಜಾಗದಲ್ಲಿ ಗುಂಡಿಗಳನ್ನು ಹೊಲಿಯುತ್ತ ಹೋಗಬಹುದು. ಬಟ್ಟೆಯ ತೂತು ದಾರ ತೆಗೆದರೆ ಮುಚ್ಚಿಕೊಳ್ಳುತ್ತದೆ, ಕಾಗದದ ತೂತು ಹಾಗೇ ಉಳಿಯುತ್ತದೆ. ಆದ್ದರಿಂದ ಗುಂಡಿಯನ್ನು ಇಟ್ಟು ನೋಡಿ, ಅದರ ತೂತಿನ ಮೂಲಕ ಸೂಜಿಯಿಂದ ಮೊದಲೇ ಗುರುತು ಚುಚ್ಚಿಕೊಂಡು, ಬಳಿಕ ದಾರ ಪೋಣಿಸುವುದು ಕ್ರಮ. ಹತ್ತಿರ ಹತ್ತಿರ ಚುಚ್ಚಿದರೆ ಹಾಳೆ ಹರಿಯುತ್ತದೆ, ದಾರವನ್ನು ಬಿಗಿಯಾಗಿ ಎಳೆದರೂ ಹರಿಯುತ್ತದೆ. ಈ ಎರಡು ಎಚ್ಚರಗಳು ಕೈಯ ವೇಗವನ್ನು ತಾನಾಗಿ ತಗ್ಗಿಸುತ್ತವೆ.

ಕಾಗದ, ಕಡತ, ಗೋಂದು

ಮಡಿಸುವ, ಅಂಟಿಸುವ ಕಲೆಗೆ ಜಪಾನಿನ ಒರಿಗಾಮಿಯನ್ನೇ ನೆನೆಯುವ ರೂಢಿಯಿದ್ದರೂ ಕನ್ನಡ ನಾಡಿಗೆ ತನ್ನದೇ ಆದ ಮಡಿಕೆಯ ವಸ್ತುವೊಂದಿತ್ತು. ಅದು ಕಡತ: ಹತ್ತಿಯ ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲಪುಡಿ ಬಳಿದು ಒಣಗಿಸಿ, ಹಾರ್ಮೋನಿಯಂ ತಿದಿಯಂತೆ ಮಡಿಸಿ, ಬಿಳಿಯ ಬಳಪದಿಂದ ಲೆಕ್ಕಪತ್ರ ಬರೆಯುತ್ತಿದ್ದ ಕರಿಯ ಪುಸ್ತಕ. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಉಳಿದುಬಂದಿವೆ, ಕಚೇರಿಯ ಫೈಲಿಗೆ ಇಂದು ಕನ್ನಡದಲ್ಲಿ ಇರುವ ಹೆಸರೂ ಕಡತವೇ. ಬರೆದದ್ದು ತಪ್ಪಾದರೆ ಒರಸಿ ಮತ್ತೆ ಬರೆಯಬಹುದಾಗಿದ್ದುದು ಅದರ ದೊಡ್ಡ ಗುಣ. ತಪ್ಪಿಗೆ ಎಡೆ ಇರುವ ಸಾಮಗ್ರಿಯ ಎದುರು ಕೈ ಅಂಜುವುದಿಲ್ಲ. ಜಡತೆಯ ಕಾಲಕ್ಕೆ ಬೆಲೆಬಾಳುವ ಕ್ಯಾನ್‌ವಾಸಿಗಿಂತ ಹಳೆಯ ದಿನಪತ್ರಿಕೆ ಮೇಲಾಗುವುದು ಇದೇ ಕಾರಣಕ್ಕೆ. ಉದ್ದನೆಯ ಹಾಳೆಯನ್ನು ಹಿಂದೆ ಮುಂದೆ ಸಮನಾಗಿ ಮಡಿಸಿ, ಎರಡು ತುದಿಗೆ ರಟ್ಟು ಅಂಟಿಸಿ, ರಟ್ಟಿನ ಮೇಲೊಂದು ಗುಂಡಿ ಹೊಲಿದು ಅದಕ್ಕೆ ದಾರ ಸುತ್ತಿದರೆ ಇಂದಿನ ಪುಟ್ಟ ಕಡತ ಸಿದ್ಧವಾಗುತ್ತದೆ. ದಿನಕ್ಕೊಂದು ಮಡಿಕೆಯಲ್ಲಿ ಒಂದು ಸಾಲು ಅಥವಾ ಒಂದು ಗೆರೆ ಮೂಡಿದರೆ ಸಾಕು.

ಕಾಗದ ಹಳ್ಳಿಮನೆಗಳಲ್ಲಿ ಇನ್ನೂ ಹಲವು ರೂಪ ತಾಳಿದೆ. ರದ್ದಿ ಕಾಗದವನ್ನು ನೆನೆಹಾಕಿ, ಮೆಂತ್ಯದೊಂದಿಗೆ ರುಬ್ಬಿ, ಆ ಮುದ್ದೆಯನ್ನು ಮೊರದ ಸಂದುಗಳಿಗೆ ಬಳಿಯುವುದು ಹಳೆಯ ಹೆಣ್ಣುಮಕ್ಕಳ ಜಾಣ್ಮೆ; ಮೆಂತ್ಯದ ಲೋಳೆ ನಾರುಗಳನ್ನು ಹಿಡಿದಿಡುತ್ತದೆ. ಮೊಹರಂ ಹೊತ್ತಿನಲ್ಲಿ ಬಿದಿರ ದಬ್ಬೆಗೆ ಬಣ್ಣದ ಹಾಳೆ ಮತ್ತು ಬೇಗಡೆ, ಅಂದರೆ ಹೊಳೆಯುವ ತೆಳು ತಗಡಿನ ಹಾಳೆ, ಅಂಟಿಸಿ ತಾಬೂತು ಕಟ್ಟುವುದು ಹಿಂದೂ ಮುಸ್ಲಿಮರಿಬ್ಬರೂ ಕೂಡುವ ಕೈಕೆಲಸ. ಜಗಳೂರಿನ ಹೊಲದ ಬದುಗಳಲ್ಲಿ ಬೆಳೆಯುವ ಜಾಲಿಯ ಗೋಂದನ್ನು ನೀರಿನಲ್ಲಿ ಕರಗಿಸಿದರೆ ಹಾಳೆ ಅಂಟಿಸುವ ಕೆಲಸಕ್ಕೆ ಅಂಗಡಿಯ ಅಂಟೂ ಬೇಕಾಗುವುದಿಲ್ಲ.

ಕಾಗದದ ಗುಣವೊಂದನ್ನು ತಿಳಿದಿದ್ದರೆ ಕೆಲಸ ಸಲೀಸಾಗುತ್ತದೆ. ಚನ್ನಗಿರಿಯ ನೆರೆಯ ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪನೆಯಾಗಿ ದಶಕಗಳ ಕಾಲ ನಡೆದ ಮೈಸೂರು ಕಾಗದ ಕಾರ್ಖಾನೆಯಂಥ ಕಡೆ ಯಂತ್ರದ ಮೇಲೆ ಹಾಳೆ ತಯಾರಾಗುವಾಗ ನಾರುಗಳು ಯಂತ್ರ ಓಡುವ ದಿಕ್ಕಿಗೇ ಹೆಚ್ಚಾಗಿ ಮಲಗುತ್ತವೆ. ಆ ದಿಕ್ಕಿನಲ್ಲಿ ಮಡಿಸಿದರೆ ಗೆರೆ ನೇರವಾಗಿ ಬರುತ್ತದೆ, ಅಡ್ಡ ಮಡಿಸಿದರೆ ಮುರುಕು ಮುರುಕಾಗುತ್ತದೆ. ದಿನಪತ್ರಿಕೆಯನ್ನು ಎರಡೂ ದಿಕ್ಕಿಗೆ ಹರಿದು ನೋಡಿದರೆ ಒಂದು ಕಡೆ ನೇರವಾಗಿ, ಇನ್ನೊಂದು ಕಡೆ ಸೊಟ್ಟಗೆ ಹರಿಯುವುದರಿಂದ ಈ ದಿಕ್ಕು ಗೊತ್ತಾಗುತ್ತದೆ.

ಜಗಳೂರಿನವರಿಗೆ ಮಡಿಸಲು ತಕ್ಕ ಪ್ರಾಣಿಯೊಂದು ಅವರ ತಾಲ್ಲೂಕಿನಲ್ಲೇ ಇದೆ. ಇಲ್ಲಿನ ರಂಗಯ್ಯನದುರ್ಗದ ಕಾಡು 2011ರಲ್ಲಿ ಕೊಂಡುಕುರಿಗಾಗಿಯೇ ವನ್ಯಧಾಮವೆಂದು ಘೋಷಣೆಯಾಯಿತು. ಗಂಡಿಗೆ ನಾಲ್ಕು ಕೊಂಬು, ಮುಂದಿನೆರಡು ಗಿಡ್ಡ, ಹಿಂದಿನೆರಡು ಉದ್ದ, ಕಾಡುಪ್ರಾಣಿಗಳಲ್ಲಿ ಇದು ಬಲು ಅಪೂರ್ವ. ಚೌಕ ಹಾಳೆಯನ್ನು ಕರ್ಣಕ್ಕೆ ಮಡಿಸಿ ತ್ರಿಕೋನ ಮಾಡಿ, ಉದ್ದ ಅಂಚು ಮೇಲೆ ಬರುವಂತೆ ಹಿಡಿದು, ಎರಡು ಬದಿಯ ತುದಿಗಳನ್ನು ಕಿವಿಗಳಂತೆ ಓರೆಯಾಗಿ ಬಾಗಿಸಿ, ಕೆಳತುದಿಯನ್ನು ಮೂತಿಗಾಗಿ ಹಿಂದಕ್ಕೆ ಮಡಿಸಿ, ನೆತ್ತಿಗೆ ಎರಡು ಉದ್ದ ಎರಡು ಗಿಡ್ಡ ಕಾಗದದ ಸುರುಳಿ ಅಂಟಿಸಿ, ಕಣ್ಣಿನ ಜಾಗಕ್ಕೆ ಎರಡು ಕರಿಯ ಗುಂಡಿ ಕೂರಿಸಿದರೆ ಕೊಂಡುಕುರಿಯ ಮುಖ ಮೂಡುತ್ತದೆ. ಅದನ್ನು ಮಾಡಿದ ಮಗುವಿಗೆ ತನ್ನ ಊರಿನ ಕಾಡಿನ ಬಗ್ಗೆ ಒಂದು ಪ್ರಶ್ನೆಯೂ ಹುಟ್ಟುತ್ತದೆ.

ಗುಂಡಿ, ಕಾಗದ ಕೂಡಿದಾಗ

ಜಾತ್ರೆಯಲ್ಲಿ ಮಾರುವ ಗಿರಗಿಟ್ಲೆ ಈ ಎರಡೂ ಸಾಮಗ್ರಿ ಸೇರುವ ಸರಳ ಆಟಿಕೆ. ಚೌಕ ಹಾಳೆಯ ನಾಲ್ಕು ಮೂಲೆಗಳಿಂದ ಕರ್ಣದ ಗುಂಟ ನಡುವಿನತ್ತ ಅರ್ಧಕ್ಕಿಂತ ತುಸು ಹೆಚ್ಚು ಕತ್ತರಿಸಿ, ಒಂದು ಬಿಟ್ಟು ಒಂದು ತುದಿಯನ್ನು ನಡುವಿಗೆ ತಂದು ಗುಂಡುಪಿನ್ನು ಚುಚ್ಚಿ ಒಣಗಿದ ಜೋಳದ ದಂಟಿಗೆ ಸಿಕ್ಕಿಸಬೇಕು. ಹಾಳೆಯ ಮುಂದೊಂದು, ಹಿಂದೊಂದು ಗುಂಡಿ ಸೇರಿಸಿದರೆ ತಿಕ್ಕಾಟ ಕಡಿಮೆಯಾಗಿ ರೆಕ್ಕೆ ಸಲೀಸಾಗಿ ತಿರುಗುತ್ತದೆ.

ದಾರದ ಗುಂಡಿ ಇನ್ನೂ ಸರಳ. ದೊಡ್ಡ ಗುಂಡಿಯ ಎದುರುಬದುರು ತೂತುಗಳಲ್ಲಿ ಎರಡು ಮೊಳ ದಾರ ಪೋಣಿಸಿ, ತುದಿಗಳನ್ನು ಗಂಟು ಹಾಕಿ, ಎರಡು ಕೈಬೆರಳಿಗೆ ಸಿಕ್ಕಿಸಿ, ಗುಂಡಿಯನ್ನು ಇಪ್ಪತ್ತು ಸುತ್ತು ತಿರುಗಿಸಿ, ಎಳೆದು ಸಡಿಲಿಸುತ್ತಿದ್ದರೆ ಅದು ಗುಂಯ್ ಎನ್ನುತ್ತ ಹಿಂದೆ ಮುಂದೆ ಸುತ್ತುತ್ತದೆ. ಈ ಆಟಿಕೆ ಜಗತ್ತಿನ ಹಲವೆಡೆ 5,000 ವರ್ಷಗಳಿಗೂ ಹಿಂದಿನಿಂದ ಇದೆ. ಮೀರತ್ತಿನಲ್ಲಿ ಹುಟ್ಟಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಿರುವ ವಿಜ್ಞಾನಿ ಮನು ಪ್ರಕಾಶ್ ಅವರು, ಉಗಾಂಡದ ಆರೋಗ್ಯಕೇಂದ್ರವೊಂದರಲ್ಲಿ ವಿದ್ಯುತ್ತಿಲ್ಲದೆ ರಕ್ತಪರೀಕ್ಷೆಯ ಯಂತ್ರವನ್ನು ಬಾಗಿಲಿಗೆ ಆನಿಸಿಟ್ಟದ್ದನ್ನು ಕಂಡ ಬಳಿಕ, ತಂಡದೊಡನೆ ಆಟಿಕೆಗಳನ್ನು ಪರೀಕ್ಷಿಸುತ್ತ ಹೋಗಿ ಕೊನೆಗೆ ಈ ತಿರುಗುವ ಗುಂಡಿಯ ತತ್ವದಿಂದಲೇ ಪೇಪರ್‌ಫ್ಯೂಜ್ ಎಂಬ ಕಾಗದದ ಸಾಧನ ರೂಪಿಸಿದರು. ಕಾಗದದ ಬಿಲ್ಲೆ, ದಾರ, ಹಿಡಿಕೆಗಳಷ್ಟೇ ಇರುವ, 20 ಸೆಂಟ್ ಖರ್ಚಿನ ಈ ಸಾಧನ ನಿಮಿಷಕ್ಕೆ 1,25,000 ಸುತ್ತು ತಿರುಗಿ, ಒಂದೂವರೆ ನಿಮಿಷದೊಳಗೆ ರಕ್ತದಿಂದ ಪ್ಲಾಸ್ಮಾವನ್ನು ಬೇರ್ಪಡಿಸಬಲ್ಲದೆಂದು 2017ರಲ್ಲಿ ಪ್ರಕಟವಾಯಿತು. ಮಕ್ಕಳಾಟವೆಂದು ಕಡೆಗಣಿಸಿದ ವಸ್ತುವನ್ನು ಕೈಯಲ್ಲಿ ಹಿಡಿದು ಆಡಿದ್ದರಿಂದಲೇ ಈ ಹೊಳಹು ದೊರೆಯಿತು.

ಕತ್ತರಿ ಹಿಡಿದ ಇಬ್ಬರು

ಕಾಗದದ ಕೆಲಸ ಬದುಕಿನ ಇಳಿಗಾಲದಲ್ಲಿ ಹೊಸ ದಾರಿ ತೆರೆದ ಎರಡು ಪ್ರಸಂಗಗಳನ್ನು ಕಲೆಯ ಚರಿತ್ರೆ ಮುಖ್ಯವಾಗಿ ಎಣಿಸುತ್ತದೆ. ಇಂಗ್ಲೆಂಡಿನ ಮೇರಿ ಡೆಲಾನಿ 1768ರಲ್ಲಿ ಪತಿಯನ್ನು ಕಳೆದುಕೊಂಡ ಕೆಲವು ವರ್ಷಗಳ ಮೇಲೆ, ಎಪ್ಪತ್ತೆರಡರ ಆಸುಪಾಸಿನಲ್ಲಿ, ಕೆಂಪು ಕಾಗದದ ಚೂರೊಂದರ ಬಣ್ಣ ಹೂವಿನ ಎಸಳಿನ ಬಣ್ಣಕ್ಕೆ ಸರಿಹೊಂದುವುದನ್ನು ಗಮನಿಸಿ, ಬಣ್ಣದ ಕಾಗದ ಕತ್ತರಿಸಿ ಅಂಟಿಸಿ ಹೂಗಿಡಗಳ ಚಿತ್ರ ಮಾಡತೊಡಗಿದರು. ದೃಷ್ಟಿ ಮಂದವಾಗುವವರೆಗಿನ ಹತ್ತು ವರ್ಷಗಳಲ್ಲಿ ಸಾವಿರದ ಸನಿಹಕ್ಕೆ ಬಂದ ಅವರ ಕೃತಿಗಳು ಇಂದು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಫ್ರಾನ್ಸಿನ ಹೆಸರಾಂತ ಚಿತ್ರಕಾರ ಆನ್ರಿ ಮಾತೀಸ್ 1941ರ ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಈಸಲಿನ ಮುಂದೆ ಹೊತ್ತುಗಟ್ಟಲೆ ನಿಲ್ಲಲಾರದೆ, ಬಣ್ಣ ಬಳಿದ ಹಾಳೆಗಳನ್ನು ಕತ್ತರಿಯಿಂದ ಕತ್ತರಿಸಿ ಜೋಡಿಸುವ ಬಗೆಗೆ ತಿರುಗಿದರು. 1947ರಲ್ಲಿ ಬಂದ ‘ಜಾಝ್’ ಎಂಬ ಚಿತ್ರಸಂಪುಟ ಅದರ ಫಲ. ಇಬ್ಬರ ಮುಂದೆಯೂ ಹಳೆಯ ದಾರಿ ಮುಚ್ಚಿತ್ತು, ಇಬ್ಬರೂ ಕೈಗೆಟುಕುವ ಅತಿ ಅಗ್ಗದ ಸಾಮಗ್ರಿಯಿಂದ ಮತ್ತೆ ಆರಂಭಿಸಿದರು.

ಅಭ್ಯಾಸದ ಕ್ರಮ

ಇಂಥ ಕೈಕೆಲಸ ಫಲ ಕೊಡಬೇಕಾದರೆ ಕೆಲವು ನಿಯಮಗಳನ್ನು ಪಾಲಿಸುವುದು ಒಳ್ಳೆಯದು. ದಿನಕ್ಕೆ ಅರ್ಧ ಗಂಟೆ, ಒಂದೇ ಜಾಗ, ಇಪ್ಪತ್ತು ಗುಂಡಿ, ಎರಡೇ ಬಣ್ಣದ ಹಾಳೆ ಎಂಬಂತೆ ಮಿತಿ ಹಾಕಿಕೊಂಡರೆ ಆಯ್ಕೆಯ ಗೊಂದಲ ತಪ್ಪುತ್ತದೆ. ಆರಂಭಿಸಿದ ವಸ್ತು ಆ ದಿನವೇ ಮುಗಿಯುವಷ್ಟು ಚಿಕ್ಕದಾಗಿದ್ದರೆ, ಬಹುದಿನಗಳಿಂದ ಏನನ್ನೂ ಮುಗಿಸದ ಮನಸ್ಸಿಗೆ ಮುಗಿಸಿದ ತೃಪ್ತಿ ದೊರೆಯುತ್ತದೆ. ಮಾಡಿದ್ದನ್ನು ಮಾರುವ, ಮೊಬೈಲಿನಲ್ಲಿ ತೋರಿಸಿ ಮೆಚ್ಚುಗೆ ಎಣಿಸುವ ಆಸೆಯನ್ನು ಈ ಅವಧಿಯಲ್ಲಿ ದೂರವಿಡುವುದು ಲೇಸು, ಏಕೆಂದರೆ ತೂಗಿ ನೋಡುವ ಕಣ್ಣಿನ ಭಯದಿಂದಲೇ ಎಷ್ಟೋ ವೇಳೆ ಜಡತೆ ಹುಟ್ಟಿರುತ್ತದೆ. ಜರ್ಮನಿಯಲ್ಲಿ ಶಿಶುವಿಹಾರ ಪದ್ಧತಿಯನ್ನು ಆರಂಭಿಸಿದ ಫ್ರೊಬೆಲ್ ಹತ್ತೊಂಬತ್ತನೆಯ ಶತಮಾನದಲ್ಲೇ ಕಾಗದ ಮಡಿಸುವುದು, ಕತ್ತರಿಸುವುದು, ಚುಚ್ಚಿ ಹೊಲಿಯುವುದನ್ನು ಕಲಿಕೆಯ ಭಾಗ ಮಾಡಿದ್ದರು. ಶಾಲೆಗಳು ವಾರಕ್ಕೊಂದು ಅವಧಿಯನ್ನು ಅಂಕವಿಲ್ಲದ ಕೈಕೆಲಸಕ್ಕೆ ಬಿಟ್ಟರೆ ಮಕ್ಕಳಿಗೂ ಶಿಕ್ಷಕರಿಗೂ ಅದು ಉಸಿರಾಟದ ಹೊತ್ತಾಗುತ್ತದೆ. ಮೂರು ವರ್ಷದೊಳಗಿನ ಮಕ್ಕಳು ಗುಂಡಿಯನ್ನು ಬಾಯಿಗೆ ಹಾಕಿಕೊಂಡು ಉಸಿರು ಕಟ್ಟುವ ಅಪಾಯ ಇರುವುದರಿಂದ ಡಬ್ಬಿ ಅವರ ಕೈಗೆ ಸಿಗಬಾರದು.

ಕೈಕೆಲಸಕ್ಕೂ ಮಿತಿಯಿದೆ. ಬೇಸರ ವಾರಗಟ್ಟಲೆ ಇಳಿಯದೆ, ನಿದ್ರೆ ಹಸಿವುಗಳು ಕೆಟ್ಟು, ಬದುಕೇ ಬೇಡವೆನಿಸುವ ಸ್ಥಿತಿ ಬಂದರೆ ಅದು ಸೃಜನಶೀಲತೆಯ ಜಡತೆಯನ್ನು ಮೀರಿದ್ದು; ಅಂಥವರು ವೈದ್ಯರನ್ನು ಕಾಣಬೇಕು, ಅಥವಾ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.

ಉಳಿದವರಿಗೆ ಜಾಲಿ ಮರದ ನಡವಳಿಕೆ ಧೈರ್ಯ ಕೊಡುವಂಥದು. ಜಾಲಿಯ ಜಾತಿಯ ಮರಗಳು ಮಳೆ ಸುರಿದು ಎಲೆ ತುಂಬಿದ ಕಾಲಕ್ಕಿಂತ ಬಿಸಿಲು ಏರಿದ, ನೆಲ ಒಣಗಿದ, ತೊಗಟೆಗೆ ಪೆಟ್ಟು ಬಿದ್ದ ಹೊತ್ತಿನಲ್ಲೇ ಹೆಚ್ಚು ಗೋಂದು ಒಸರುತ್ತವೆ. ಹರಿದ ಹಾಳೆಗೆ ಹಾಳೆಯನ್ನು ಕೂಡಿಸುವ ಆ ಅಂಟು ಜಗಳೂರಿನ ಬದುಗಳ ಮೇಲೆ ಬೇಸಿಗೆಯಲ್ಲಿ ಕೈಗೆ ಸಿಗುತ್ತದೆ. ಅದನ್ನು ಬಿಡಿಸಿ ತಂದು ನೀರಿನಲ್ಲಿ ನೆನೆಯಿಟ್ಟವರ ಮನೆಯಲ್ಲಿ, ಮುಂಗಾರು ಬರುವ ಮೊದಲೇ, ಪುಟ್ಟ ಕಡತದ ಕೆಲವು ಮಡಿಕೆಗಳು ತುಂಬಿರುತ್ತವೆ.